ನಾಲ್ಕು ಅಡಿಯ ಗಾಜಿನ ಮೀನುತೊಟ್ಟಿಗೆ ತೂತು ಕೊರೆಯುವುದು: ತಿಳಿದವರ ಸಲಹೆ ಬೇಕು

ತುಂಗಾತೀರ (ಶಿವಮೊಗ್ಗ)

ಎಲ್ಲರಿಗೂ ನಮಸ್ಕಾರ. ನನ್ನ ಬಳಿ 120 ಸೆಂ.ಮೀ. ಉದ್ದ, 45 ಸೆಂ.ಮೀ. ಅಗಲ, 45 ಸೆಂ.ಮೀ. ಎತ್ತರದ ಮೀನುತೊಟ್ಟಿಯಿದೆ. 10 ಮಿ.ಮೀ. ಗಾಜಿನದು, ಮೂರು ವರ್ಷಗಳ ಹಿಂದೆ ಇಲ್ಲಿಯ ಗಾಜಿನ ಅಂಗಡಿಯೊಂದರಲ್ಲಿ ಅಳತೆ ಕೊಟ್ಟು ಮಾಡಿಸಿದ್ದು. ಅದರಲ್ಲಿ ಏಂಜೆಲ್ ಮೀನುಗಳಿವೆ. ಕೆಳಗೆ ಸ್ಟ್ಯಾಂಡಿನೊಳಗೆ ಚಿಕ್ಕದೊಂದು ಸಂಪ್ ಇಟ್ಟಿದ್ದೇನೆ. ತೊಟ್ಟಿಗೆ ತೂತು ಹಾಕುವ ಧೈರ್ಯ ಸಾಲದೆ, ಅಂಚಿಗೆ ನೇತುಹಾಕುವ ಓವರ್‌ಫ್ಲೋ ಡಬ್ಬಿಯನ್ನು ತಂದು, ಯು ಆಕಾರದ ಕೊಳವೆಯ ಮೂಲಕ ನೀರು ತಾನಾಗಿ ಸಂಪಿಗೆ ಇಳಿಯುವಂತೆ ಮಾಡಿಕೊಂಡಿದ್ದೆ.

ಕಳೆದ ತಿಂಗಳು ನಾವು ಒಂದು ಗೃಹಪ್ರವೇಶಕ್ಕೆ ಹೋಗಿದ್ದಾಗ ಕರೆಂಟು ಹೋಗಿ ಬಂದಿದೆ. ಪಂಪ್ ಮತ್ತೆ ಚಾಲೂ ಆಗುವ ಹೊತ್ತಿಗೆ ಯು ಕೊಳವೆಯಲ್ಲಿ ಗಾಳಿ ಸೇರಿಕೊಂಡು ನೀರು ಇಳಿಯುವುದು ನಿಂತುಹೋಗಿತ್ತು, ಆದರೆ ಪಂಪ್ ತನ್ನ ಪಾಡಿಗೆ ಸಂಪಿನ ನೀರನ್ನು ಮೇಲಕ್ಕೆ ತಳ್ಳುತ್ತಲೇ ಇತ್ತು. ನಾವು ಬಾಗಿಲು ತೆಗೆದಾಗ ನಡುಮನೆಯ ಚಾಪೆ ತೇಲುತ್ತಿತ್ತು. ಕೆಳಗಿನ ಮನೆಯವರ ಸೂರಿನಲ್ಲಿ ಈಗಲೂ ಹಳದಿ ಕಲೆಯಿದೆ, ಮೆಟ್ಟಿಲಲ್ಲಿ ಎದುರಾದಾಗಲೆಲ್ಲ ಆ ಅಜ್ಜಿ ಮೊದಲು ಮೀನಿನ ಯೋಗಕ್ಷೇಮವನ್ನೇ ಕೇಳುತ್ತಾರೆ.

ಆದ್ದರಿಂದ ಹಿಂಬದಿಯ ಗಾಜಿಗೇ ತೂತು ಕೊರೆದು ಪೈಪ್ ಜೋಡಿಸಬೇಕೆಂದಿದ್ದೇನೆ. ತೊಟ್ಟಿ ಮಾಡಿಕೊಟ್ಟವರು, ಅಂಟಿಸಿದ ಮೇಲೆ ತೂತು ಹಾಕಿದರೆ ಸೀಳುತ್ತದೆ, ಜವಾಬ್ದಾರಿ ನಮ್ಮದಲ್ಲ ಎಂದುಬಿಟ್ಟರು. ಕೊರೆಯುವಾಗ ಗಾಜು ಸೀಳುವ ಸಂಭವ ನಿಜಕ್ಕೂ ಎಷ್ಟಿದೆ? ಕೊರೆದ ಮೇಲೆ ಇನ್ನೂರಕ್ಕೂ ಹೆಚ್ಚು ಲೀಟರ್ ನೀರಿನ ಒತ್ತಡವನ್ನು ಅದು ತಡೆದೀತೇ?

ಕಡಲಹವಳ (ಮಂಗಳೂರು)

ಹೊಸಬರಿಗಾಗಿ ಒಂದು ಮಾತು: ಇಲ್ಲಿ ಸಂಪ್ ಎಂದರೆ ಮನೆ ಮುಂದಿನ ನೆಲದಡಿಯ ನೀರಿನ ತೊಟ್ಟಿಯಲ್ಲ, ಮೀನುತೊಟ್ಟಿಯ ಕೆಳಗಿಟ್ಟು ಫಿಲ್ಟರ್, ಹೀಟರ್, ಪಂಪ್‌ಗಳನ್ನೆಲ್ಲ ಅಡಗಿಸುವ ಎರಡನೆಯ ತೊಟ್ಟಿ.

ನಾನು ಸಮುದ್ರದ ಮೀನು ಮತ್ತು ಹವಳಗಳನ್ನು ಸಾಕುವವನು. ನಮ್ಮಲ್ಲಿ ತೂತಿಲ್ಲದ ತೊಟ್ಟಿಯೇ ಅಪರೂಪ. ತೂತಿನಿಂದ ಇಳಿಯುವ ನೀರಿಗೆ ಯಾರ ಹಂಗೂ ಇಲ್ಲ. ಕರೆಂಟು ಹತ್ತು ಸಲ ಹೋಗಿ ಬಂದರೂ ನೀರಿನ ಮಟ್ಟ ತೂತಿಗಿಂತ ಮೇಲೇರಿದ ಕೂಡಲೇ ಅದು ಇಳಿಯಲೇಬೇಕು. ಯು ಕೊಳವೆ ಹಾಗಲ್ಲ, ಅದರ ನೆತ್ತಿಯಲ್ಲಿ ದಿನವೂ ಸಣ್ಣ ಗುಳ್ಳೆಗಳು ಸೇರುತ್ತವೆ, ಹರಿವು ನಿಧಾನವಾದಷ್ಟೂ ಹೆಚ್ಚು ಸೇರುತ್ತವೆ. ನಮ್ಮ ಊರುಗಳ ವಿದ್ಯುತ್ ಪೂರೈಕೆಯನ್ನು ನಂಬಿ ಅಂಥ ಡಬ್ಬಿ ನೇತುಹಾಕಿಕೊಂಡವರು ಒಂದಲ್ಲ ಒಂದು ದಿನ ನಿಮ್ಮ ಹಾಗೆಯೇ ಚಾಪೆ ಹಿಂಡಬೇಕಾಗುತ್ತದೆ.

ಸೀಳುವ ವಿಷಯಕ್ಕೆ ಬಂದರೆ, ಮೊದಲು ಉತ್ತರ ಸಿಗಬೇಕಾದ ಪ್ರಶ್ನೆ ಒಂದೇ: ನಿಮ್ಮದು ಸಾದಾ ಫ್ಲೋಟ್ ಗಾಜೋ, ಟಫನ್ಡ್ (ಕಾಯಿಸಿ ಗಟ್ಟಿಗೊಳಿಸಿದ) ಗಾಜೋ? ಸಾದಾ ಗಾಜಾದರೆ ಕೊರೆಯಬಹುದು. ಟಫನ್ಡ್ ಆಗಿದ್ದರೆ ಡ್ರಿಲ್ಲಿಂಗ್ ಮೆಷಿನ್ನನ್ನು ಅದರ ಹತ್ತಿರಕ್ಕೂ ಒಯ್ಯಬೇಡಿ.

ಹೊರನಾಡ ಮೀನುಗಾರ (ನ್ಯೂಜೆರ್ಸಿ)

ಮೇಲಿನ ಕೊನೆಯ ವಾಕ್ಯವನ್ನು ನಾನು ಕೈಯಾರೆ ಪರೀಕ್ಷಿಸಿ ನೋಡಿದ್ದೇನೆ. ಇಲ್ಲಿ ಕಂಪನಿಗಳೇ ಅಚ್ಚಿನಂತೆ ಮಾಡಿ ಮಾರುವ ತೊಟ್ಟಿಗಳಲ್ಲಿ ಎಷ್ಟೋ ಸಲ ನಾಲ್ಕು ಬದಿಯ ಗಾಜು ಸಾದಾ ಇದ್ದು, ತಳದ ಗಾಜು ಮಾತ್ರ ಟಫನ್ಡ್ ಆಗಿರುತ್ತದೆ. ತಳ ಕೊರೆಯಬೇಡಿ ಎಂಬ ಚೀಟಿಯನ್ನೂ ಅಂಟಿಸಿರುತ್ತಾರೆ. ನಾನು ಕೊಂಡದ್ದು ಹಳೆಯ ತೊಟ್ಟಿ, ಚೀಟಿ ಎಂದೋ ಕಿತ್ತುಹೋಗಿತ್ತು. ಪಕ್ಕದ ಗಾಜಿನಲ್ಲಿ ಒಂದು ತೂತು ಸುಸೂತ್ರವಾಗಿ ಬಂದದ್ದರಿಂದ ಧೈರ್ಯ ಬಂದು, ತಳಕ್ಕೂ ಬಿಟ್ ಇಟ್ಟೆ. ಒಂದು ನಿಮಿಷವೂ ಆಗಿರಲಿಲ್ಲ, ಗುಂಡು ಹೊಡೆದಂಥ ಸದ್ದಾಗಿ ತಳದ ಗಾಜು ಇಡೀ ಕಲ್ಲುಸಕ್ಕರೆಯ ಚೂರುಗಳಂತೆ ನೆಲಕ್ಕೆ ಸುರಿಯಿತು. ನಾಲ್ಕು ಬದಿಯ ಗಾಜುಗಳು ಸಿಲಿಕೋನ್ ಹಿಡಿತದಲ್ಲಿ ಹಾಗೆಯೇ ನಿಂತಿದ್ದವು, ನಡುವೆ ತಳವೇ ಇರಲಿಲ್ಲ. ಕನ್ನಡಕ ಹಾಕಿಕೊಂಡಿದ್ದೆನೆಂಬುದೊಂದೇ ಅಂದು ನಾನು ಮಾಡಿದ ಬುದ್ಧಿವಂತಿಕೆ.

ತುಂಗಾತೀರ (ಶಿವಮೊಗ್ಗ)

ಓದಿ ಎದೆ ಝಲ್ಲೆಂದಿತು. ನನ್ನ ತೊಟ್ಟಿಯ ರಸೀದಿಯಲ್ಲಿ "10 ಮಿ.ಮೀ. ಗಾಜು" ಎಂದಷ್ಟೇ ಇದೆ. ಯಾವ ಮೂಲೆಯಲ್ಲೂ ಟಫನ್ಡ್ ಎಂಬ ಮುದ್ರೆ ಕಾಣುತ್ತಿಲ್ಲ, ಆದರೆ ಮೂಲೆಗಳೆಲ್ಲ ಕಪ್ಪು ಸಿಲಿಕೋನ್ ಅಡಿಯಲ್ಲಿವೆ. ಒಡೆಯದೆ ತಿಳಿಯುವ ಉಪಾಯವಿದೆಯೇ?

ಬಲವಿಜ್ಞಾನದ ಮೇಷ್ಟ್ರು (ದಾವಣಗೆರೆ)

ಉಪಾಯವಿದೆ, ಮತ್ತು ಅದಕ್ಕೆ ಬೇಕಾದ ಸಾಮಾನು ಹೆಚ್ಚಿನ ಮನೆಗಳಲ್ಲಿ ಆಗಲೇ ಇರುತ್ತದೆ. ಎಲ್‌ಸಿಡಿ ಪರದೆಯ ಲ್ಯಾಪ್‌ಟಾಪ್ ಒಂದು, ಪೋಲರಾಯ್ಡ್ ತಂಪು ಕನ್ನಡಕ ಒಂದು. ತೊಟ್ಟಿಯನ್ನು ಖಾಲಿ ಮಾಡಿ ಒರೆಸಿ, ಲ್ಯಾಪ್‌ಟಾಪನ್ನು ಒಳಗಿಟ್ಟು, ಪರೀಕ್ಷಿಸಬೇಕಾದ ಗಾಜಿನ ಕಡೆಗೆ ಪರದೆಯನ್ನು ತಿರುಗಿಸಿ, ಪರದೆಯ ತುಂಬ ಬರೀ ಬಿಳಿ ಬಣ್ಣ ಬರುವಂತೆ ಮಾಡಿ. ಹೊರಗಿನಿಂದ ಕನ್ನಡಕದ ಮೂಲಕ ನೋಡುತ್ತ, ಪರದೆ ಕಪ್ಪಾಗುವವರೆಗೆ ಕನ್ನಡಕವನ್ನು ನಿಧಾನವಾಗಿ ತಿರುಗಿಸಿ. ಸಾದಾ ಗಾಜಾದರೆ ಆ ಕಪ್ಪು ಎಲ್ಲೆಡೆ ಒಂದೇ ಸಮ ಇರುತ್ತದೆ. ಟಫನ್ಡ್ ಗಾಜಾದರೆ ಕಪ್ಪಿನ ನಡುವೆ ಮಸುಕಾದ ಬೆಳಕಿನ ಪಟ್ಟೆಗಳು, ಮಚ್ಚೆಗಳು, ಅಂಚಿನುದ್ದಕ್ಕೂ ಮೋಡದಂಥ ಆಕಾರಗಳು ಕಾಣುತ್ತವೆ. ಗಾಜಿನೊಳಗೆ ಸೆರೆಯಾಗಿರುವ ಸೆಳೆತವೇ ಬೆಳಕನ್ನು ಹಾಗೆ ತಿರುಚುತ್ತದೆ. ಒಂದೊಂದು ಗಾಜನ್ನೂ ಪ್ರತ್ಯೇಕವಾಗಿ ನೋಡಬೇಕು, ನ್ಯೂಜೆರ್ಸಿಯವರ ಅನುಭವವನ್ನು ಮರೆಯಬಾರದು.

ಈ ಸೆಳೆತ ಬರುವುದು ಹೇಗೆಂದು ತಿಳಿದರೆ ಕೊರೆಯಬಾರದೆಂಬ ಮಾತು ಬರೀ ಹೆದರಿಕೆಯಲ್ಲವೆಂದು ಮನದಟ್ಟಾಗುತ್ತದೆ. ಸಾದಾ ಗಾಜನ್ನು ಕರಗಿದ ತವರದ ಮೇಲೆ ತೇಲಿಸಿ ಹಾಳೆ ಮಾಡುತ್ತಾರೆ. ಇದು ಇಂಗ್ಲೆಂಡಿನ ಪಿಲ್ಕಿಂಗ್ಟನ್ ಕಂಪನಿ 1959ರಲ್ಲಿ ಪ್ರಕಟಿಸಿದ ವಿಧಾನ, ಫ್ಲೋಟ್ ಎಂಬ ಹೆಸರೂ ಅಲ್ಲಿಂದಲೇ ಬಂದದ್ದು. ಆ ಹಾಳೆಯನ್ನು ಉದ್ದನೆಯ ಒಲೆಯಲ್ಲಿ ಬಹಳ ನಿಧಾನವಾಗಿ ಆರಿಸುವುದರಿಂದ ಅದರೊಳಗೆ ಬಿಗಿತ ಉಳಿಯುವುದಿಲ್ಲ. ಟಫನ್ಡ್ ಮಾಡಬೇಕಾದರೆ ಅದೇ ಹಾಳೆಯನ್ನು 600 ಡಿಗ್ರಿ ಸೆಲ್ಸಿಯಸ್‌ಗೂ ಮೇಲೆ ಕಾಯಿಸಿ, ಎರಡೂ ಮೈಗೆ ಜೋರಾಗಿ ತಣ್ಣನೆಯ ಗಾಳಿ ಹಾಯಿಸುತ್ತಾರೆ. ಹೊರಮೈ ಮೊದಲು ಗಟ್ಟಿಯಾಗುತ್ತದೆ, ಆಮೇಲೆ ಆರುವ ಒಡಲು ಕುಗ್ಗಲೆಳಸಿ ಹೊರಮೈಯನ್ನು ಒಳಕ್ಕೆ ಅದುಮಿ ಹಿಡಿಯುತ್ತದೆ. ಹೊರಮೈ ಅದುಮಿಕೊಂಡಿರುವಷ್ಟು ಕಾಲ ಗಾಜು ಬಲು ಗಟ್ಟಿ. ನಿಮ್ಮ ಬಿಟ್ ಆ ಪದರವನ್ನು ದಾಟಿ ಒಡಲನ್ನು ಮುಟ್ಟಿದ ಕ್ಷಣ, ಒಳಗಿನ ಎಳೆತವೆಲ್ಲ ಬಿಡುಗಡೆಯಾಗಿ ಇಡೀ ಹಾಳೆ ಪುಡಿಯಾಗುತ್ತದೆ. ಆದ್ದರಿಂದಲೇ ಟಫನ್ಡ್ ಗಾಜಿಗೆ ಬೇಕಾದ ತೂತುಗಳನ್ನೆಲ್ಲ ಕಾಯಿಸುವ ಮೊದಲೇ ಕೊರೆದಿಡುತ್ತಾರೆ.

ನಿಮ್ಮ ಎರಡನೆಯ ಪ್ರಶ್ನೆಗೆ ಒಂದು ಲೆಕ್ಕ. ತೊಟ್ಟಿಯಲ್ಲಿ 40 ಸೆಂ.ಮೀ. ಆಳ ನೀರಿದ್ದರೆ 120 ಸೆಂ.ಮೀ. ಉದ್ದದ ಹಿಂಬದಿಯ ಗಾಜನ್ನು ನೀರು ಒಟ್ಟು 96 ಕಿಲೋ ಭಾರದಷ್ಟು ತಳ್ಳುತ್ತದೆ. ನೀರಿನ ಮಟ್ಟದಿಂದ 10 ಸೆಂ.ಮೀ. ಕೆಳಗೆ 45 ಮಿ.ಮೀ. ವ್ಯಾಸದ ತೂತಿದ್ದರೆ, ಅಷ್ಟು ಜಾಗದ ಮೇಲೆ ಬೀಳುವ ಭಾರ ಸುಮಾರು 160 ಗ್ರಾಂ, ಎಂದರೆ ಎರಡು ಟೊಮೇಟೊ ತೂಕ. ನೀರು ತೂತಿನಲ್ಲಿ ನುಗ್ಗಿ ಗಾಜನ್ನು ಸೀಳುತ್ತದೆಂಬ ಭಯ ಬೇಡ. ಭಯ ಬೇಕಾದದ್ದು ಬೇರೆಯದಕ್ಕೆ. ಒಂದೇ ದಿಕ್ಕಿನಲ್ಲಿ ಎಳೆಯಲ್ಪಡುವ ಹಾಳೆಯಲ್ಲಿ ದುಂಡನೆಯ ತೂತಿದ್ದರೆ ತೂತಿನ ಅಂಚಿನಲ್ಲಿ ಬಿಗಿತ ಮೂರು ಪಟ್ಟಾಗುತ್ತದೆಂದು 1898ರಲ್ಲಿಯೇ ಜರ್ಮನಿಯ ಎಂಜಿನಿಯರ್ ಕಿರ್ಷ್ ತೋರಿಸಿದ್ದರು. ಗಾಜಿನ ಬಲ ಅದರ ಮೈಮೇಲಿನ ಸಣ್ಣ ಬಿರುಕುಗಳಿಂದ ನಿರ್ಧಾರವಾಗುತ್ತದೆಂದು 1921ರ ಪ್ರಬಂಧದಲ್ಲಿ ಇಂಗ್ಲೆಂಡಿನ ಎಂಜಿನಿಯರ್ ಗ್ರಿಫಿತ್ ವಿವರಿಸಿದರು. ಎರಡನ್ನೂ ಸೇರಿಸಿ ನೋಡಿ: ದುಂಡಗೆ, ನುಣುಪಾಗಿ ಬಂದ ತೂತು ಅಪಾಯವಲ್ಲ, ಅಂಚಿನಲ್ಲಿ ಗರಗಸದಂತೆ ಚಕ್ಕೆಯೆದ್ದ ತೂತು ಅಪಾಯ.

ತೂತಿನ ಅಂಚಿಗೂ ಗಾಜಿನ ಅಂಚಿಗೂ ನಡುವೆ ಕಡಿಮೆಯೆಂದರೂ ತೂತಿನ ವ್ಯಾಸದಷ್ಟು ಗಾಜು ಉಳಿಯಬೇಕು. ಎರಡು ತೂತುಗಳ ನಡುವೆಯೂ ಹಾಗೆಯೇ. ಮೇಲಂಚಿಗೆ ಪಟ್ಟಿಯಿಲ್ಲದ ತೊಟ್ಟಿಯಾದರೆ ಆ ಅಂಚಿನ ನಟ್ಟನಡುವೆ ಗಾಜು ಹೆಚ್ಚು ಬಾಗುವುದರಿಂದ, ತೂತನ್ನು ನಡುವಿನಲ್ಲಿ ಇಡದೆ ಮೂಲೆಯ ಕಡೆಗೆ ಸರಿಸುವುದು ಒಳ್ಳೆಯದು.

ತುಂಗಾತೀರ (ಶಿವಮೊಗ್ಗ)

ಮೇಷ್ಟ್ರೇ, ಪರೀಕ್ಷೆ ಮಾಡಿದೆ. ಮೀನುಗಳನ್ನು ಪ್ಲಾಸ್ಟಿಕ್ ಡ್ರಮ್ಮಿಗೆ ವರ್ಗಾಯಿಸಿ ತೊಟ್ಟಿಯನ್ನು ಒಣಗಿಸಿದ್ದಾಯಿತು. ಐದೂ ಗಾಜುಗಳಲ್ಲಿ ಕಪ್ಪು ಒಂದೇ ಸಮನಾಗಿತ್ತು. ನನ್ನ ಕಣ್ಣಿನ ಮೇಲೆಯೇ ಅನುಮಾನ ಬಂದು, ಟಫನ್ಡ್ ಎಂದು ಗೊತ್ತಿರುವ ನಮ್ಮ ಗ್ಯಾಸ್ ಒಲೆಯ ಗಾಜನ್ನು ಬಿಚ್ಚಲಾಗದೆ, ಮೈಕ್ರೋವೇವ್ ಒಲೆಯ ಗಾಜಿನ ತಟ್ಟೆಯನ್ನು ಪರದೆಯ ಮುಂದೆ ಹಿಡಿದೆ. ಅದರಲ್ಲಿ ಮೋಡದಂಥ ಬೆಳಕು ತಟ್ಟನೆ ಕಂಡಿತು. ಈಗ ನಂಬಿಕೆ ಬಂದಿದೆ. ಇನ್ನು ಕೊರೆಯುವ ಕ್ರಮವನ್ನು ಯಾರಾದರೂ ಹೇಳಿ.

ಗಾಜಿನ ಕೆಲಸದವ (ಹುಬ್ಬಳ್ಳಿ)

ನಾನು ಹತ್ತೊಂಬತ್ತು ವರ್ಷಗಳಿಂದ ಗಾಜು ಕತ್ತರಿಸುವ ಕೆಲಸದಲ್ಲಿದ್ದೇನೆ. ನಮ್ಮ ಅಂಗಡಿಯ ಮೆಷಿನ್ನಿನಲ್ಲಿ ಮೇಲೊಂದು ಕೆಳಗೊಂದು ಬಿಟ್ ಇರುತ್ತದೆ. ಕೆಳಗಿನದು ಅರ್ಧ ಕೊರೆದ ಮೇಲೆ ಮೇಲಿನದು ಬಂದು ಕೂಡುತ್ತದೆ, ಆದ್ದರಿಂದ ಎರಡೂ ಮೈಯಲ್ಲಿ ಚಕ್ಕೆ ಏಳುವುದಿಲ್ಲ. ಅಂಟಿಸಿದ ತೊಟ್ಟಿಯನ್ನು ಆ ಮೆಷಿನ್ನಿಗೆ ಹಾಕಲು ಬರುವುದಿಲ್ಲ. ನಿಮ್ಮ ಅಂಗಡಿಯವರು ಒಲ್ಲೆನೆಂದದ್ದಕ್ಕೆ ಕಾರಣ ಇದೇ ಇರಬೇಕು, ಅವರನ್ನು ತಪ್ಪು ತಿಳಿಯಬೇಡಿ. ಇನ್ನು ಮುಂದೆ ತೊಟ್ಟಿ ಮಾಡಿಸುವವರು ತೂತಿನ ಅಳತೆಯನ್ನು ಮೊದಲೇ ಕೊಟ್ಟುಬಿಟ್ಟರೆ ಈ ಚರ್ಚೆಯೇ ಬೇಕಾಗಿಲ್ಲ.

ಕೈಯಿಂದ ಕೊರೆಯುವುದಾದರೆ ಮೊದಲು ಟ್ಯಾಂಕ್ ಕನೆಕ್ಟರ್ (ತೂತಿನಲ್ಲಿ ಕೂತು ಗಾಜಿಗೆ ಪೈಪನ್ನು ಜೋಡಿಸುವ ಬಿಡಿಭಾಗ) ಕೊಳ್ಳಿ, ಆಮೇಲೆ ಬಿಟ್. ಒಂದಿಂಚಿನ ಕನೆಕ್ಟರ್ ಎಂದರೆ ಒಂದಿಂಚಿನ ಪೈಪಿಗೆ ಹೊಂದುವಂಥದ್ದು ಎಂದಷ್ಟೇ ಅರ್ಥ, ಅದರ ಮರೆಯ (ನಟ್ಟು ಕೂರುವ ತಿರುಪಿನ) ಹೊರವ್ಯಾಸ ಅದಕ್ಕಿಂತ ಬಹಳ ಹೆಚ್ಚಿರುತ್ತದೆ, ಒಂದು ಕಂಪನಿಯದು ಇನ್ನೊಂದರಂತಿರುವುದಿಲ್ಲ. ವರ್ನಿಯರ್ ಹಿಡಿದು ಅಳೆದು, ಅದಕ್ಕಿಂತ ಒಂದೆರಡು ಮಿ.ಮೀ. ದೊಡ್ಡ ಬಿಟ್ ತನ್ನಿ. ಬಿಗಿಯಾಗಿ ಕೂರುವ ತೂತು ಬೇಡ, ಪ್ಲಾಸ್ಟಿಕ್ಕು ಗಾಜಿನ ಅಂಚನ್ನು ಒತ್ತಬಾರದು.

ಬಿಟ್ ಬಳೆಯಾಕಾರದ ಡೈಮಂಡ್ ಹೋಲ್ ಸಾ ಆಗಿರಬೇಕು. ಅದರ ಬಾಯಿಗೆ ಹಲ್ಲಿರುವುದಿಲ್ಲ, ನಿಕ್ಕಲ್ ಲೇಪದಲ್ಲಿ ವಜ್ರದ ಪುಡಿ ಹಿಡಿದಿರುತ್ತದೆ. ಅದು ಗಾಜನ್ನು ಕತ್ತರಿಸುವುದಿಲ್ಲ, ಅರೆಯುತ್ತದೆ. ಅರೆಯುವ ಕೆಲಸಕ್ಕೆ ನೀರು ಬೇಕು, ಸಮಯ ಬೇಕು, ಬಲ ಬೇಡ. ಮರಕ್ಕೆ, ಕಬ್ಬಿಣಕ್ಕೆ ಬಳಸುವ ಹಲ್ಲಿನ ಬಿಟ್ ಇದಕ್ಕೆ ಆಗುವುದಿಲ್ಲ.

ಮೆಷಿನ್ ಬ್ಯಾಟರಿಯದಾದರೆ ಒಳ್ಳೆಯದು, ಏಕೆಂದರೆ ನೀರಿನ ಜೊತೆಗೆ ಕೆಲಸ. ಮೊದಲನೆಯ ಗಿಯರಿನಲ್ಲಿಟ್ಟರೆ ನಿಮಿಷಕ್ಕೆ ನಾಲ್ಕೈದು ನೂರು ಸುತ್ತು ಬರುತ್ತದೆ, ಅಷ್ಟು ಸಾಕು. ಹ್ಯಾಮರ್ ಗುಂಡಿ ಆಫ್ ಆಗಿದೆಯೇ ಎಂದು ಎರಡು ಸಲ ನೋಡಿ. ಗೋಡೆಗೆ ಮೊಳೆ ಹೊಡೆಯಲು ಬಳಸಿದ ಮೆಷಿನ್ನನ್ನು ಹಾಗೆಯೇ ಗಾಜಿಗೆ ಇಟ್ಟು ಒಂದೇ ಏಟಿಗೆ ಸೀಳಿದವರನ್ನು ನಾನು ಕಂಡಿದ್ದೇನೆ.

ತೊಟ್ಟಿಯನ್ನು ಮುಂಬದಿಯ ಗಾಜಿನ ಮೇಲೆ ಮಲಗಿಸಿ, ಕೆಳಗೆ ದಪ್ಪ ಥರ್ಮಾಕೋಲ್ ಹಾಸಿ. ನಿಮ್ಮ ಅಳತೆಯ ಖಾಲಿ ತೊಟ್ಟಿಯೇ 50 ಕಿಲೋ ತೂಗುತ್ತದೆ, ಮೂವರು ಹಿಡಿಯಿರಿ. ಕೊರೆಯುವ ಜಾಗದ ಒಳಮೈಗೆ ಅಗಲವಾದ ಟೇಪನ್ನು ಎರಡು ಮೂರು ಪದರ ಒತ್ತಿ ಅಂಟಿಸಿ. ಸಾಧ್ಯವಾದರೆ ಅದರ ಹಿಂದೆ ಒಂದು ಮರದ ತುಂಡನ್ನು ಬಿಗಿಯಾಗಿ ಆನಿಸಿ. ಹೊರಮೈಯಲ್ಲಿ ತೂತಿನ ಸುತ್ತ ನೀರು ನಿಲ್ಲಲು ಒಂದು ಕಟ್ಟೆ ಕಟ್ಟಬೇಕು. ಪೇಟೆಯವರು ಮಕ್ಕಳ ಕ್ಲೇ ಬಳಸುತ್ತಾರೆ, ನಾವು ಗಟ್ಟಿಯಾಗಿ ಕಲಸಿದ ಚಪಾತಿ ಹಿಟ್ಟಿನಲ್ಲೇ ಕಟ್ಟುತ್ತೇವೆ.

ಬಿಟ್‌ಗೆ ನಡುವಿನಲ್ಲಿ ಮೊನೆಯಿಲ್ಲದ ಕಾರಣ, ನೇರವಾಗಿ ಇಟ್ಟರೆ ಗಾಜಿನ ಮೇಲೆ ಜಾರಿ ಗೀರು ಎಳೆಯುತ್ತದೆ. ಪ್ಲೈವುಡ್ ತುಂಡೊಂದರಲ್ಲಿ ಅದೇ ಬಿಟ್ಟಿನ ಅಳತೆಯ ತೂತು ಮಾಡಿ ಗಾಜಿನ ಮೇಲೆ ಹಿಡಿದರೆ ಅದು ದಾರಿ ತೋರಿಸುತ್ತದೆ. ಕೈ ಪಳಗಿದವರು ಬಿಟ್ಟನ್ನು ಓರೆಯಾಗಿ ಹಿಡಿದು, ಬಿದಿಗೆ ಚಂದ್ರನಂಥ ಗಾಡಿ (ತೋಡು) ಬಿದ್ದ ಮೇಲೆ ನೆಟ್ಟಗೆ ಮಾಡುತ್ತಾರೆ. ನಿಮಗೆ ಮೊದಲ ಸಲವಾದ್ದರಿಂದ ಪ್ಲೈವುಡ್ಡೇ ಇರಲಿ, ಉಂಗುರದಂತೆ ಗಾಡಿ ಮೂಡಿದ ಮೇಲೆ ಅದನ್ನು ತೆಗೆದು ಕಟ್ಟೆಗೆ ನೀರು ತುಂಬಿ.

ಆಮೇಲೆ ಮೆಷಿನ್ನಿನ ತೂಕವೇ ಒತ್ತಡ, ನೀವು ಒತ್ತಬೇಡಿ. ಆಗಾಗ ಬಿಟ್ಟನ್ನು ಮೇಲೆತ್ತಿದರೆ ಗಾಡಿಯೊಳಗೆ ನೀರು ಇಳಿಯುತ್ತದೆ. ನೀರು ಅಕ್ಕಿ ತೊಳೆದ ನೀರಿನಂತೆ ಬೆಳ್ಳಗಾಗುತ್ತಿದ್ದರೆ ಕೆಲಸ ಸರಿಯಾಗಿ ನಡೆಯುತ್ತಿದೆ. ಅದು ದೋಸೆ ಹಿಟ್ಟಿನಷ್ಟು ದಪ್ಪವಾದರೆ ನಿಲ್ಲಿಸಿ, ಒರೆಸಿ, ಹೊಸ ನೀರು ಹಾಕಿ. ಸಾದಾ ಗಾಜು ಒಂದೇ ಹಾಳೆಯಲ್ಲಿ ಸುಮಾರು 40 ಡಿಗ್ರಿ ಬಿಸಿಯ ವ್ಯತ್ಯಾಸವನ್ನಷ್ಟೇ ತಡೆಯುತ್ತದೆ, ಒಣಗಿದ ಬಿಟ್ ಅಷ್ಟು ಕಾಯಲು ಹೆಚ್ಚು ಹೊತ್ತು ಬೇಕಿಲ್ಲ. 10 ಮಿ.ಮೀ. ಗಾಜಿಗೆ ಒಂದು ತೂತಿಗೆ ಹತ್ತು ಹದಿನೈದು ನಿಮಿಷ ಹಿಡಿದರೆ ತಾಳ್ಮೆಗೆಡಬೇಡಿ.

ಗಾಜು ಸೀಳುವುದು, ಚಕ್ಕೆ ಏಳುವುದು ಬಹುಪಾಲು ಕೊನೆಯ ಒಂದು ಮಿ.ಮೀ.ನಲ್ಲಿ. ಹತ್ತಿರ ಬಂದಾಗ ಸದ್ದು ಬದಲಾಗುತ್ತದೆ, ಕಿರ್ರೆನ್ನುತ್ತಿದ್ದದ್ದು ಸ್ವಲ್ಪ ತಗ್ಗುತ್ತದೆ. ಅಲ್ಲಿಂದ ಮುಂದೆ ಮೆಷಿನ್ನಿನ ತೂಕವನ್ನೂ ನಿಮ್ಮ ಕೈಯಲ್ಲೇ ಹೊತ್ತುಕೊಂಡು, ಬಿಟ್ ಗಾಜನ್ನು ಮುಟ್ಟಿಯೂ ಮುಟ್ಟದಂತೆ ಹಿಡಿಯಿರಿ. ತೂತು ಬಿದ್ದ ಮೇಲೆ ನಯವಾದ ನೀರು ಕಾಗದದಿಂದ ಅಂಚಿನ ಚೂಪನ್ನು ಒದ್ದೆ ಮಾಡಿಯೇ ಉಜ್ಜಿ ತೆಗೆಯಿರಿ. ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್, ಕಾಲಿಗೆ ಬೂಟು ಇರಲಿ.

ಹೊರನಾಡ ಮೀನುಗಾರ (ನ್ಯೂಜೆರ್ಸಿ)

ಹೊರಗಿನಿಂದ ಕೊರೆದರೆ ಚಕ್ಕೆ ಏಳುವುದು ಒಳಮೈಯಲ್ಲಿ, ರಬ್ಬರ್ ವಾಷರ್ ಕೂರುವುದೂ ಒಳಮೈಯಲ್ಲಿ. ಹಾಗಾದರೆ ಒಳಗಿನಿಂದಲೇ ಕೊರೆಯುವುದು ಮೇಲಲ್ಲವೇ?

ಬಲವಿಜ್ಞಾನದ ಮೇಷ್ಟ್ರು (ದಾವಣಗೆರೆ)

ಪ್ರಶ್ನೆ ನ್ಯಾಯವಾದದ್ದೇ. ಆದರೆ ನೀರು ತುಂಬಿದಾಗ ಗಾಜು ಹೊರಕ್ಕೆ ಉಬ್ಬುವುದರಿಂದ ಹಾಳೆಯ ನಡುಭಾಗದಲ್ಲಿ ಎಳೆತಕ್ಕೆ ಸಿಗುವುದು ಹೊರಮೈ, ಒಳಮೈ ಅದುಮಿಕೊಂಡಿರುತ್ತದೆ. ಬಿರುಕು ಬೆಳೆಯಲು ಎಳೆತ ಬೇಕು. ಆದ್ದರಿಂದ ಚಕ್ಕೆ ಏಳುವುದಿದ್ದರೆ ಒಳಗಡೆ ಏಳುವುದೇ ವಾಸಿ ಎಂದು ನನ್ನ ಅಭಿಪ್ರಾಯ. ಚಕ್ಕೆಯ ಗುರುತು ಎರಡು ಮೂರು ಮಿ.ಮೀ. ಇದ್ದರೂ ವಾಷರಿನ ಅಗಲ ಅದನ್ನು ದಾಟಿ ನುಣುಪು ಗಾಜಿನ ಮೇಲೆ ಕೂತರೆ ನೀರು ಸೋರುವುದಿಲ್ಲ. ಅದಲ್ಲದೆ 45 ಸೆಂ.ಮೀ. ಅಗಲದ ತೊಟ್ಟಿಯೊಳಗೆ ಮೆಷಿನ್ ಇಳಿಸಿ ಬಗ್ಗಿ ಕೂತು ಕೊರೆಯುವಾಗ ಕೈ ನಡುಗದೆ ಇದ್ದೀತೇ?

ಗಪ್ಪಿಮನೆ (ಮೈಸೂರು)

ನನ್ನದೊಂದು ಪ್ರಶ್ನೆ. ನೀರನ್ನು ಅರ್ಧಕ್ಕೆ ಇಳಿಸಿಕೊಂಡು, ಮೀನುಗಳು ಒಳಗಿರುವಾಗಲೇ ಮೇಲ್ಭಾಗದಲ್ಲಿ ಕೊರೆಯಬಹುದೇ? ಹಾಗೆ ಮಾಡಿದವರ ವಿಡಿಯೋ ನೋಡಿದ್ದೇನೆ.

ಗಾಜಿನ ಕೆಲಸದವ (ಹುಬ್ಬಳ್ಳಿ)

ಬೇಡ. ನಿಂತ ಗಾಜಿನ ಮೇಲೆ ನೀರಿನ ಕಟ್ಟೆ ನಿಲ್ಲುವುದಿಲ್ಲ, ಗಾಜಿನ ಪುಡಿ ಮೀನಿನ ನೀರಿಗೇ ಬೀಳುತ್ತದೆ, ಗಾಜು ಆಗಲೇ ಬಾಗಿರುತ್ತದೆ. ಸೀಳಿತೆಂದರೆ ನೂರು ಲೀಟರ್ ನೀರು ನಿಮ್ಮ ಕೈಯಲ್ಲಿರುವ ಮೆಷಿನ್ನಿನ ಮೇಲೆಯೇ ಸುರಿಯುತ್ತದೆ.

ಸಿಹಿನೀರು (ಬೆಂಗಳೂರು)

ಅಡ್ಡಮಾತು ಆಡುತ್ತೇನೆಂದು ಬೇಸರಿಸಬೇಡಿ. ನಾಲ್ಕು ಅಡಿಯ ಏಂಜೆಲ್ ತೊಟ್ಟಿಗೆ ಸಂಪೇ ಏಕೆ? ಒಂದು ಒಳ್ಳೆಯ ಕ್ಯಾನಿಸ್ಟರ್ ಫಿಲ್ಟರ್ (ತೊಟ್ಟಿಯ ಹೊರಗಿಡುವ ಮುಚ್ಚಿದ ಡಬ್ಬಿಯ ಫಿಲ್ಟರ್) ಇಟ್ಟರೆ ತೂತೂ ಬೇಡ, ಪ್ರವಾಹವೂ ಇಲ್ಲ. ಹವಳ ಸಾಕುವವರಿಗೆ ನೀರಿನ ಕೊಳೆಯನ್ನು ನೊರೆಯಾಗಿ ತೆಗೆಯುವ ಸ್ಕಿಮ್ಮರ್ ಇಡಲು ಜಾಗ ಬೇಕು, ಒಪ್ಪುತ್ತೇನೆ. ಸಿಹಿನೀರಿನವರು ಅವರನ್ನು ನೋಡಿ ಗಾಜಿಗೆ ವಜ್ರ ಹಿಡಿಯುವುದು ನನಗೆ ಅಷ್ಟಾಗಿ ಹಿಡಿಸುವುದಿಲ್ಲ.

ತುಂಗಾತೀರ (ಶಿವಮೊಗ್ಗ)

ಬೇಸರವೇನಿಲ್ಲ. ಹೊಸದಾಗಿ ಶುರುಮಾಡುವವನಾಗಿದ್ದರೆ ನಿಮ್ಮ ಮಾತನ್ನೇ ಕೇಳುತ್ತಿದ್ದೆ. ಆದರೆ ಸಂಪ್, ಪಂಪ್, ಅದರೊಳಗಿನ ಫಿಲ್ಟರ್ ಸಾಮಾನುಗಳೆಲ್ಲ ಈಗಾಗಲೇ ಇವೆ. ಬೇಸಿಗೆಯಲ್ಲಿ ನೀರು ಆರಿ ಕಡಿಮೆಯಾದದ್ದು ಸಂಪಿನಲ್ಲಿ ಮಾತ್ರ ಕಾಣುತ್ತದೆ, ಮೇಲಿನ ತೊಟ್ಟಿ ಯಾವಾಗಲೂ ತುಂಬಿದಂತಿರುತ್ತದೆ. ಅದೊಂದು ಸುಖವನ್ನು ಬಿಡಲು ಮನಸ್ಸಿಲ್ಲ.

ಕಡಲಹವಳ (ಮಂಗಳೂರು)

ತೂತು ಕೊರೆಯುವುದು ಅರ್ಧ ಕೆಲಸ. ಕೆಳಗಿನ ಮನೆಯ ಅಜ್ಜಿಯ ಸೂರನ್ನು ಕಾಪಾಡುವುದು ಇನ್ನರ್ಧ.

ಒಂದೇ ತೂತಿನ ಮೇಲೆ ಭಾರ ಹಾಕಬೇಡಿ. ಒಂದು ಎಲೆಯೋ ಬಸವನಹುಳುವೋ ಅದನ್ನು ಮುಚ್ಚಿದರೆ ಮತ್ತೆ ಅದೇ ಕಥೆ. ಹರ್ಬಿ ಎಂದು ಕರೆಯುವ ಪದ್ಧತಿಯಲ್ಲಿ ಎರಡು ತೂತುಗಳಿರುತ್ತವೆ: ಒಂದರ ಬಾಯಿ ಸದಾ ನೀರಿನೊಳಗೆ ಮುಳುಗಿದ್ದು, ಕೆಳಗೆ ಗೇಟ್ ವಾಲ್ವ್ ತಿರುಗಿಸಿ ಹರಿವನ್ನು ಹದಮಾಡಿರುವುದರಿಂದ ಗಾಳಿಯಿಲ್ಲದೆ ಸದ್ದಿಲ್ಲದೆ ನೀರನ್ನು ಎಳೆಯುತ್ತದೆ. ಇನ್ನೊಂದರ ಬಾಯಿ ನೀರಿಗಿಂತ ಮೇಲಿದ್ದು, ಮೊದಲನೆಯದು ಕಟ್ಟಿಕೊಂಡ ದಿನಕ್ಕಾಗಿ ಒಣಗಿ ಕಾಯುತ್ತಿರುತ್ತದೆ. ಬೀನ್‌ಅನಿಮಲ್ ಪದ್ಧತಿಯಲ್ಲಿ ಇವೆರಡರ ನಡುವೆ ಸಣ್ಣ ಹರಿವನ್ನು ಹೊರುವ ಮೂರನೆಯ ಪೈಪ್ ಇರುತ್ತದೆ. ನಿಮ್ಮ ತೊಟ್ಟಿಗೆ ಎರಡು ಸಾಕು. ತೂತುಗಳ ಮುಂದೆ ಒಳಗಡೆ ಗಾಜಿನ ಡಬ್ಬಿಯೊಂದನ್ನು ಸಿಲಿಕೋನ್ ಹಾಕಿ ಅಂಟಿಸಿ, ಅದರ ಮೇಲಂಚನ್ನು ದಾಟಿ ನೀರು ಒಳಬರುವಂತೆ ಮಾಡಿ.

ಈಗ ಕರೆಂಟು ಹೋದಾಗಿನ ಲೆಕ್ಕ. ಪಂಪ್ ನಿಂತ ಮೇಲೆ ತೊಟ್ಟಿಯ ನೀರು ಡಬ್ಬಿಯ ಅಂಚಿನವರೆಗೆ ಇಳಿಯುತ್ತದೆ. 2 ಸೆಂ.ಮೀ. ಇಳಿದರೆ ನಿಮ್ಮ ತೊಟ್ಟಿಯಲ್ಲಿ ಅದು 10.8 ಲೀಟರ್. ಇದಲ್ಲದೆ ನೀರನ್ನು ಮೇಲಕ್ಕೆ ತರುವ ಪೈಪಿನ ಬಾಯಿ ನೀರಿನೊಳಗೆ 5 ಸೆಂ.ಮೀ. ಆಳದಲ್ಲಿದ್ದರೆ, ಅದೇ ಪೈಪು ಹಿಮ್ಮುಖವಾಗಿ ನೀರನ್ನು ಎಳೆದು ಒಟ್ಟು 27 ಲೀಟರನ್ನು ಕೆಳಗಿಳಿಸುತ್ತದೆ. ಆ ಪೈಪಿನಲ್ಲಿ ನೀರಿನ ಮಟ್ಟದ ತುಸು ಕೆಳಗೆ ಒಂದು ಸಣ್ಣ ತೂತು ಮಾಡಿದರೆ ಗಾಳಿ ಹೊಕ್ಕು ಎಳೆತ ನಿಲ್ಲುತ್ತದೆ. ಆ ತೂತಿನಲ್ಲಿ ಪಾಚಿ ಕಟ್ಟುವುದುಂಟು, ತಿಂಗಳಿಗೊಮ್ಮೆ ಕಡ್ಡಿಯಾಡಿಸಿ.

ತಿರುಗುಮುರುಗಾದ ಲೆಕ್ಕವೂ ಮುಖ್ಯ, ಇದನ್ನು ಬಹಳ ಜನ ಮರೆಯುತ್ತಾರೆ. ಎರಡೂ ಪೈಪು ಕಟ್ಟಿಕೊಂಡವೆಂದೇ ಇಟ್ಟುಕೊಳ್ಳಿ. ತೊಟ್ಟಿಯಲ್ಲಿ ನೀರಿನಿಂದ ಮೇಲಂಚಿನವರೆಗೆ 4 ಸೆಂ.ಮೀ. ಬಿಟ್ಟಿದ್ದರೆ 21.6 ಲೀಟರಿಗೆ ಜಾಗವಿದೆ. ಸಂಪಿನಲ್ಲಿ ಪಂಪ್ ಕೂತಿರುವ ಕೋಣೆಯ ನೀರು ಅದಕ್ಕಿಂತ ಕಡಿಮೆಯಿದ್ದರೆ, ತೊಟ್ಟಿ ಉಕ್ಕುವ ಮೊದಲೇ ಆ ಕೋಣೆ ಬರಿದಾಗುತ್ತದೆ. ಪಂಪ್ ಸುಟ್ಟೀತು, ಆದರೆ ಚಾಪೆ ಒದ್ದೆಯಾಗದು.

ಕನೆಕ್ಟರ್ ಕೂರಿಸುವಾಗ ರಬ್ಬರ್ ವಾಷರ್ ಅಗಲ ತಲೆಯ ಕಡೆಗೆ, ಎಂದರೆ ಒಳಗೆ ಇರಲಿ. ವಾಷರಿಗೆ ಸಿಲಿಕೋನ್ ಬಳಿಯಬೇಡಿ, ಜಾರಿ ಹೊರಬರುತ್ತದೆ. ನಟ್ಟನ್ನು ಕೈಯಲ್ಲಿ ಬಿಗಿಮಾಡಿ ಆಮೇಲೆ ಕಾಲು ಸುತ್ತು ತಿರುಗಿಸಿದರೆ ಮುಗಿಯಿತು. ಕೊರೆಯುವಾಗ ಉಳಿದ ಗಾಜನ್ನು ಪೈಪ್ ಪಾನಾ ಹಾಕಿ ಬಿಗಿದು ಸೀಳಿದ ಪ್ಲಂಬರ್ ಒಬ್ಬರು ನನ್ನ ಮನೆಗೇ ಬಂದಿದ್ದರು.

ತುಂಗಾತೀರ (ಶಿವಮೊಗ್ಗ)

ಎರಡು ವಾರ ಬಿಟ್ಟು ಬರೆಯುತ್ತಿದ್ದೇನೆ, ಕ್ಷಮೆಯಿರಲಿ. ಕೆಲಸ ಮುಗಿದಿದೆ.

ಕನೆಕ್ಟರಿನ ಮರೆ ವರ್ನಿಯರಿನಲ್ಲಿ 43 ಮಿ.ಮೀ. ಬಂತು, 45ರ ಬಿಟ್ ತರಿಸಿದೆ. ಹುಬ್ಬಳ್ಳಿಯ ಅಣ್ಣ ಹೇಳದಿದ್ದರೂ, ಗಾಜಿನ ಅಂಗಡಿಯಿಂದ 10 ಮಿ.ಮೀ.ನ ಬಿಸಾಡುವ ತುಂಡೊಂದನ್ನು ಕೇಳಿ ತಂದು ಮೊದಲು ಅದರ ಮೇಲೆ ಕೈ ಪಳಗಿಸಿಕೊಂಡೆ. ಒಳ್ಳೆಯದೇ ಆಯಿತು. ಆ ತುಂಡಿನಲ್ಲಿ ಕೊನೆಗೆ ಆತುರಪಟ್ಟು ಒತ್ತಿದ್ದರಿಂದ ಹಿಂಬದಿಯಲ್ಲಿ ಹುಣಸೆ ಬೀಜದಷ್ಟು ದೊಡ್ಡ ಚಕ್ಕೆ ಹಾರಿತು. ಸದ್ದು ಬದಲಾಗುವುದೆಂದರೆ ಏನೆಂಬುದು ಆಗ ಕಿವಿಗೆ ತಿಳಿಯಿತು.

ಮೇಲಂಚಿನಿಂದ 14 ಸೆಂ.ಮೀ. ಕೆಳಗೆ, ಬಲ ಮೂಲೆಯ ಕಡೆಗೆ, ತೂತಿನ ನಡುವಿನಿಂದ ನಡುವಿಗೆ 10 ಸೆಂ.ಮೀ. ಅಂತರದಲ್ಲಿ ಎರಡು ಗುರುತು ಹಾಕಿದೆ. ತಮ್ಮ ಸಿರಿಂಜಿನಲ್ಲಿ ನೀರು ಬಿಡುತ್ತಿದ್ದ, ನಾನು ಮೆಷಿನ್ ಹಿಡಿದಿದ್ದೆ, ಚಪಾತಿ ಹಿಟ್ಟನ್ನು ಹಾಳುಮಾಡಿದ್ದಕ್ಕೆ ಅಮ್ಮ ಒಳಗಿನಿಂದ ಬಯ್ಯುತ್ತಿದ್ದರು. ಮೊದಲ ತೂತಿಗೆ 17 ನಿಮಿಷ, ಎರಡನೆಯದಕ್ಕೆ 12 ನಿಮಿಷ ಹಿಡಿಯಿತು. ಮೊದಲನೆಯದರ ಒಳಮೈಯಲ್ಲಿ ಸುಮಾರು ಒಂದು ಮಿ.ಮೀ.ನ ಚಕ್ಕೆಯಿದೆ, ವಾಷರ್ ಅದನ್ನು ಮುಚ್ಚಿದೆ. ಎರಡನೆಯದು ಅಚ್ಚುಕಟ್ಟಾಗಿ ಬಂತು. ಡಬ್ಬಿ ಅಂಟಿಸಿದ ಸಿಲಿಕೋನಿನ ವಿನಿಗರ್ ವಾಸನೆ ಪೂರ್ತಿ ಹೋಗುವವರೆಗೆ ಐದು ದಿನ ಕಾದು, ಆಮೇಲೆ ತೊಟ್ಟಿಯನ್ನು ಅಂಗಳದಲ್ಲಿಯೇ ತುಂಬಿಸಿ, ಸುತ್ತ ಹಳೆಯ ದಿನಪತ್ರಿಕೆ ಹಾಸಿ ಒಂದು ದಿನ ಬಿಟ್ಟೆ. ಕಾಗದ ಒಣಗಿಯೇ ಇತ್ತು.

ನಿನ್ನೆ ಒಳಗೆ ಜೋಡಿಸಿ ನೀರು ಓಡಿಸಿದೆ. ಸಂಪಿನ ಅಳತೆ 75 ಸೆಂ.ಮೀ. ಉದ್ದ, 35 ಅಗಲ, 35 ಎತ್ತರ, ನೀರು 20 ಸೆಂ.ಮೀ.ವರೆಗೆ ಇದೆ. ಮೇನ್ ಸ್ವಿಚ್ ಆರಿಸಿದಾಗ ಅದು 25ಕ್ಕೆ ಏರಿ ನಿಂತಿತು, ಎಂದರೆ ಸುಮಾರು 13 ಲೀಟರ್ ಇಳಿದಿದೆ. ಮಂಗಳೂರಿನವರ ಲೆಕ್ಕಕ್ಕೆ ಡಬ್ಬಿಯ ಮತ್ತು ಪೈಪಿನ ನೀರನ್ನು ಸೇರಿಸಿದರೆ ಹೊಂದುತ್ತದೆ. ಸ್ವಿಚ್ ಹಾಕಿದಾಗ ಅರ್ಧ ನಿಮಿಷ ಗೊಳಗೊಳ ಸದ್ದಾಗಿ ತಾನಾಗಿ ಸುಮ್ಮನಾಯಿತು. ಹೀಗೆ ಆರು ಸಲ ಮಾಡಿದೆ. ಕೊನೆಗೆ ಮೊದಲ ಪೈಪಿನ ಬಾಯಿಗೆ ಬಟ್ಟೆ ತುರುಕಿ ನೋಡಿದೆ: ನೀರು ಒಂದೂವರೆ ಸೆಂ.ಮೀ. ಏರಿ, ಎರಡನೆಯ ಪೈಪಿನಿಂದ ಜಲಪಾತದಂತೆ ಸದ್ದುಮಾಡುತ್ತ ಇಳಿಯಿತು. ಆ ಸದ್ದು ಕೇಳಿ ಕೆಳಗಿನ ಅಜ್ಜಿ ಮೇಲೆ ಬಂದು, ಹತ್ತು ನಿಮಿಷ ಕುರ್ಚಿ ಹಾಕಿಕೊಂಡು ಕೂತು ನೋಡಿ ಹೋದರು.

ಗಪ್ಪಿಮನೆ (ಮೈಸೂರು)

ಅಭಿನಂದನೆಗಳು. ಆ ಬಿಟ್ ಇನ್ನೂ ಸವೆದಿಲ್ಲವಾದರೆ ನನಗೆ ಎರವಲು ಕೊಡುತ್ತೀರಾ? ನನ್ನದು ಎರಡಡಿಯ ತೊಟ್ಟಿ, 5 ಮಿ.ಮೀ. ಗಾಜು.

ಗಾಜಿನ ಕೆಲಸದವ (ಹುಬ್ಬಳ್ಳಿ)

5 ಮಿ.ಮೀ. ಗಾಜಿಗೆ 45 ಮಿ.ಮೀ. ತೂತು ಬೇಡ. ಅರ್ಧ ಇಂಚಿನ ಕನೆಕ್ಟರ್ ತಂದು ಅದರ ಅಳತೆಗೆ ಸಣ್ಣ ಬಿಟ್ ಕೊಳ್ಳಿ, ಸಣ್ಣ ತೊಟ್ಟಿಯ ಹರಿವಿಗೆ ಅಷ್ಟು ಸಾಕು. ತೆಳು ಗಾಜಾದ್ದರಿಂದ ಒಳಮೈಗೆ ಮರದ ತುಂಡು ಆನಿಸುವುದನ್ನು ತಪ್ಪಿಸಬೇಡಿ. ಎರವಲಿನ ಮಾತಿಗೆ ಹೇಳುವುದಾದರೆ, ಈ ಬಿಟ್ಟುಗಳಲ್ಲಿ ವಜ್ರದ ಪುಡಿ ಒಂದೇ ಪದರ ಇರುತ್ತದೆ. ಬೆರಳಿನಿಂದ ಸವರಿದಾಗ ಉಪ್ಪುಕಾಗದದಂತೆ ತಾಕದೆ ನುಣ್ಣಗೆ ಜಾರಿದರೆ ಬಿಸಾಡಬೇಕು, ಮಸೆಯಲು ಬರುವುದಿಲ್ಲ.

ತುಂಗಾತೀರ (ಶಿವಮೊಗ್ಗ)

ಈಗಲೇ ಸವರಿ ನೋಡಿದೆ, ಇನ್ನೂ ಒರಟಾಗಿಯೇ ಇದೆ. ಅಣ್ಣ ಹೇಳಿದಂತೆ ಮೈಸೂರಿನವರಿಗೆ ಇದು ದೊಡ್ಡದಾಯಿತು, 45ರ ಅಳತೆ ಬೇಕಾದವರು ಕೇಳಿದರೆ ಕಳಿಸಿಕೊಡುತ್ತೇನೆ. ತೂತಿನಿಂದ ಹೊರಬಂದ ಎರಡು ಗಾಜಿನ ಬಿಲ್ಲೆಗಳನ್ನು ಮಾತ್ರ ಕೊಡುವುದಿಲ್ಲ. ಒಂದೊಂದೂ ಸುಮಾರು 35 ಗ್ರಾಂ ತೂಗುತ್ತವೆ, ಒಂದು ನನ್ನ ಮೇಜಿನ ಕಾಗದಗಳ ಮೇಲಿದೆ, ಇನ್ನೊಂದನ್ನು ಅಜ್ಜಿ ಚಂದವಿದೆಯೆಂದು ತೆಗೆದುಕೊಂಡು ಹೋಗಿದ್ದಾರೆ.